ಆಯುಧನೂ ನಮ್ಮದು, ಸಾಲನೂ ನಮ್ಮದು: ಬ್ಯಾರೆ ದೇಶಕ್ಕ ಶಸ್ತ್ರ ಮಾರಾಕ ಸರ್ಕಾರ ಯಾಕ ರೊಕ್ಕ ಹಾಕ್ತೈತಿ?

ಭಾರತದ ರಕ್ಷಣಾ ರಫ್ತು 2024-25ರಾಗ 23,622 ಕೋಟಿ ರೂಪಾಯಿಗೆ ಮುಟ್ಟೈತಿ, 2013-14ರಾಗ ಇದು ಬರೇ 686 ಕೋಟಿ ಇತ್ತು ಅಂತ ಒಂದ ಸುದ್ದಿ ಬರ್ತೈತಿ. ಅದರ ಬಾಜೂಕ ಇನ್ನೊಂದ ಸುದ್ದಿ, ನಮ್ಮಿಂದ ಆಯುಧ ತಗೊಳ್ಳೋ ದೇಶಗಳಿಗೆ ನಮ್ಮ ಸರ್ಕಾರನ ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್ ಮೂಲಕ ಕಡಿಮಿ ಬಡ್ಡಿಗೆ, ವರ್ಷಾನುಗಟ್ಟಲೆ ಅವಧಿಗೆ ಸಾಲ ಕೊಡಾಕ ಮುಂದಾಗೈತಿ ಅಂತ. ಎರಡನ್ನೂ ಕೂಡಿಸಿ ಓದಿದವ್ರಿಗೆ ತಲಿ ಕೆಡೋದು ಸಹಜ. ಮಾಲು ಮಾರಿದವ್ರು ರೊಕ್ಕ ಇಸ್ಕೋಬೇಕು, ತಾವ ರೊಕ್ಕ ಕೊಡೋದು ಯಾವ ಲೆಕ್ಕ?

ನಮ್ಮ ಕಡೆ ಈ ಪ್ರಶ್ನೆ ಇನ್ನೂ ಚುರುಕಾಗಿ ಕೇಳ್ತೈತಿ. 2025ರ ನವೆಂಬರದಾಗ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಾಗ ಕಬ್ಬಿನ ರೈತ್ರು ಟನ್ನಿಗೆ 3,500 ರೂಪಾಯಿ ಬೇಕು ಅಂತ ಹಗಲು ರಾತ್ರಿ ಕುಂತು ಕಡೀಕ 3,300ಕ್ಕ ಎದ್ರು. ಟನ್ನಿಗೆ ಇನ್ನೂರು ರೂಪಾಯಿಗೆ ಇಷ್ಟ ಜಗ್ಗಾಟ ನೋಡಿದ ಜನ, ಎಲ್ಲೋ ದೂರದ ದೇಶಕ್ಕ ಗಸ್ತು ದೋಣಿ ತಗೊಳ್ಳಾಕ ಸಾವಿರಾರು ಕೋಟಿ ಸಾಲ ಅಂದ್ರ ಸಿಟ್ಟಾಗದ ಇರ್ತಾರ? ಸಿಟ್ಟಿಗೆ ಕಾರಣ ಐತಿ, ಆದ್ರ ಆ ಸಿಟ್ಟು ತಪ್ಪ ಜಾಗಾಕ ಹೋಗಿ ಬೀಳ್ತೈತಿ. "ನಮ್ಮ ರೊಕ್ಕ ಫಾರಿನ್ನಿಗೆ ಹೋತು" ಅನ್ನೋದು ನಿಜ ಅಲ್ಲ. ರೊಕ್ಕ ಬಹುತೇಕ ಇಲ್ಲೇ ಉಳೀತೈತಿ, ಕೇಳಬೇಕಾದ್ದು ಅದು ವಾಪಸ್ ಬರಲಿಲ್ಲ ಅಂದ್ರ ಯಾರು ಕಟ್ಟೋರು ಅನ್ನೋದನ್ನ.

ರೊಕ್ಕ ಎಲ್ಲಿಂದ ಹೊಂಟು ಎಲ್ಲಿಗೆ ಮುಟ್ಟತೈತಿ

ಟ್ರ್ಯಾಕ್ಟರ್ ಶೋರೂಮಿಗೆ ರೈತ ಹೋದಾಗ ಏನಾಗ್ತೈತಿ ನೆನಪ ಮಾಡ್ಕೋರಿ. ಅಲ್ಲೇ ಟೇಬಲ್ ಹಾಕ್ಕೊಂಡು ಫೈನಾನ್ಸಿನವ್ರು ಕುಂತಿರ್ತಾರ, ಸಾಲ ರೈತನ ಹೆಸರಿಗೆ ಆಗ್ತೈತಿ ಆದ್ರ ರೊಕ್ಕ ರೈತನ ಕೈಗೆ ಬರಂಗಿಲ್ಲ, ಸೀದಾ ಡೀಲರ್ ಅಕೌಂಟಿಗೆ ಹೋಗ್ತೈತಿ, ರೈತಂದು ಟ್ರ್ಯಾಕ್ಟರ್ ಮತ್ತ ಕಂತು ಅಷ್ಟ. ದೇಶಗಳ ನಡುವ ನಡೆಯೋದೂ ಹೆಚ್ಚುಕಡಿಮಿ ಇದ.

ಭಾರತದಾಗ ಇದಕ್ಕ ಲೈನ್ ಆಫ್ ಕ್ರೆಡಿಟ್ ಅಂತಾರ. ಕೊಡೋದು ಎಕ್ಸಿಮ್ ಬ್ಯಾಂಕ್, 1981ರ ಕಾಯ್ದೆದಿಂದ ಹುಟ್ಟಿ 1982ರಾಗ ಕೆಲಸ ಸುರು ಮಾಡಿದ, ಪೂರ್ತಿ ಕೇಂದ್ರ ಸರ್ಕಾರದ ಒಡೆತನದ ಬ್ಯಾಂಕು. ಮೊದಲು ಎರಡು ಸರ್ಕಾರಗಳ ನಡುವ ಮಾತು ಆಗ್ತೈತಿ, ಆಮ್ಯಾಲೆ ಸಾಲ ತಗೊಳ್ಳೋ ದೇಶ ಎಕ್ಸಿಮ್ ಬ್ಯಾಂಕಿನ ಜೋಡಿ ಸಹಿ ಮಾಡ್ತೈತಿ. ಆ ದೇಶ ಭಾರತದ ಕಂಪನಿಗೆ ಆರ್ಡರ್ ಕೊಡ್ತೈತಿ, ಕಂಪನಿ ಮಾಲು ತಯಾರ್ ಮಾಡಿ ಹಡಗಿಗೆ ಹಾಕ್ತೈತಿ, ಇನ್ವಾಯ್ಸು, ಶಿಪ್ಪಿಂಗ್ ಕಾಗದ ಎಲ್ಲಾ ಬ್ಯಾಂಕಿಗೆ ಕೊಡ್ತೈತಿ, ಬ್ಯಾಂಕು ಆ ಕಂಪನಿಗೆ ಇಲ್ಲೇ ರೊಕ್ಕ ಚುಕ್ತಾ ಮಾಡ್ತೈತಿ. ಹೊರಗಿನ ದೇಶದ ಕೈಗೆ ಒಂದ ಡಾಲರ್ ನಗದು ಹೋಗಂಗಿಲ್ಲ, ಅವ್ರು ಮುಂದ ವರ್ಷಾನುಗಟ್ಟಲೆ ಅಸಲು ಬಡ್ಡಿ ಕಟ್ಕೋತ ಹೋಗ್ತಾರ. ಸಾಲದಾಗ ಖರೀದಿ ಮಾಡೋ ಮಾಲು ಮತ್ತ ಸೇವಾದಾಗ ಸಾಮಾನ್ಯವಾಗಿ ಮುಕ್ಕಾಲು ಪಾಲು ಭಾರತದಿಂದನ ಬರಬೇಕು ಅನ್ನೋ ಶರತ್ತೂ ಇರ್ತೈತಿ. ರೈಲು, ರಸ್ತೆ, ಕರೆಂಟಿನ ಪ್ರಾಜೆಕ್ಟಿಗೆ ಈ ಪದ್ಧತಿ ಬಾಳ ವರ್ಷದಿಂದ ನಡದೈತಿ, ಈಗ ಅದ ದಾರಿಯೊಳಗ ಆಯುಧನೂ ಹೊಂಟಾವು.

ವಿಯೆಟ್ನಾಂ ದೋಣಿಗಳ ಕಥಿ

ಒಂದ ಉದಾಹರಣೆ ಹತ್ರದಿಂದ ನೋಡೋಣು, ಯಾಕಂದ್ರ ಇದ್ರಾಗ ಎಲ್ಲಾ ಮುಖಗಳೂ ಕಾಣ್ತಾವು. ವಿಯೆಟ್ನಾಂ ಗಡಿ ಕಾವಲು ಪಡೆಗೆ ಸಮುದ್ರದಾಗ ಗಸ್ತು ತಿರಗಾಕ ಜೋರಾಗಿ ಓಡೋ ದೋಣಿ ಬೇಕಿದ್ವು. ಭಾರತ 10 ಕೋಟಿ ಡಾಲರ್ ಲೈನ್ ಆಫ್ ಕ್ರೆಡಿಟ್ ಕೊಡ್ತೀನಿ ಅಂತು, ಒಪ್ಪಂದ ಆಗಿದ್ದು 2014ರಾಗ. ಎಲ್ ಅಂಡ್ ಟಿಗೆ 12 ದೋಣಿ ಆರ್ಡರ್ ಬಂತು. ಮೊದಲಿನ 5 ಚೆನ್ನೈ ಹತ್ರದ ಕಾಟ್ಟುಪಳ್ಳಿ ಯಾರ್ಡಿನಾಗ ತಯಾರಾದ್ವು, ಉಳಿದ 7 ವಿಯೆಟ್ನಾಂನ ಹೈಫಾಂಗದಾಗ ಹಾಂಗ್ ಹಾ ಶಿಪ್‌ಯಾರ್ಡಿನಾಗ, ಅಲ್ಲಿನ ಕೆಲಸಗಾರರ ಕೈಯಾಗ. 2022ರ ಜೂನ್‌ದಾಗ ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಅಲ್ಲಿಗೆ ಹೋಗಿ ಹನ್ನೆರಡೂ ದೋಣಿ ಒಪ್ಪಿಸಿ ಬಂದ್ರು.

2014ರಾಗ ಮಾತು, 2022ರಾಗ ಮಾಲು. ಎಂಟು ವರ್ಷ. ಸಾಲ ಘೋಷಣೆ ಆದ ದಿನ ಪೇಪರಿನಾಗ ಬರೋ ಅಂಕಿ ಆ ವರ್ಷ ಖರ್ಚಾಗೋ ರೊಕ್ಕ ಅಲ್ಲ ಅನ್ನೋದು ಇಲ್ಲೇ ಗೊತ್ತಾಗ್ತೈತಿ, ಅದು ಇಷ್ಟರ ತನಕ ತಗೋಬಹುದು ಅನ್ನೋ ಮಿತಿ, ತಗೊಳ್ಳದನ ಹಂಗ ಉಳಿದ ಸಾಲಗಳೂ ಅದಾವು. ಇದ ವಿಯೆಟ್ನಾಂಗೆ 2016ರಾಗ ಪ್ರಧಾನಿ ಮೋದಿ ಇನ್ನೂ 50 ಕೋಟಿ ಡಾಲರ್ ರಕ್ಷಣಾ ಸಾಲ ಘೋಷಣೆ ಮಾಡಿದ್ರು, ಬಾಂಗ್ಲಾದೇಶಕ್ಕ 2017ರಾಗ 50 ಕೋಟಿ ಡಾಲರ್, ಮಾಲ್ಡೀವ್ಸಿಗೆ 2021ರಾಗ 5 ಕೋಟಿ, ಅದ ವರ್ಷ ಮಾರಿಷಸಿಗೆ 10 ಕೋಟಿ. ಗಯಾನಾ ದೇಶ ಎಚ್‌ಎಎಲ್ ಕಡೆಯಿಂದ ಎರಡು ಡಾರ್ನಿಯರ್ 228 ವಿಮಾನ ತಗೊಂಡಿದ್ದೂ ಎಕ್ಸಿಮ್ ಬ್ಯಾಂಕಿನ ಸಾಲದಾಗ, 2024ರಾಗ ಅವು ಅಲ್ಲಿಗೆ ಮುಟ್ಟಿದ್ವು.

ವಿಯೆಟ್ನಾಂ ವ್ಯವಹಾರದಾಗ ಭಾರತಕ್ಕ ಸಿಕ್ಕಿದ್ದು ಬರೇ ವ್ಯಾಪಾರ ಅಲ್ಲ. ದೋಣಿ ತಗೊಂಡ ಮ್ಯಾಲ ಅದರ ಸ್ಪೇರ್, ರಿಪೇರಿ, ಟ್ರೇನಿಂಗು ಎಲ್ಲಾದಕ್ಕೂ ಮಾರಿದವ್ರ ಕಡೇನ ಬರಬೇಕಾಗ್ತೈತಿ, ಒಂದ ದೇಶದ ಪಡೆಯ ಜೋಡಿ ಇಪ್ಪತ್ತು ಮೂವತ್ತು ವರ್ಷದ ನಂಟು ಬೆಳೀತೈತಿ. ದಕ್ಷಿಣ ಚೀನಾ ಸಮುದ್ರದಾಗ ಚೀನಾದ ಜೋಡಿ ತಕರಾರು ಇರೋ ದೇಶದ ಜೋಡಿ ಇಂಥ ನಂಟು ಅಂದ್ರ ದಿಲ್ಲಿಗೆ ಅದರ ಬೆಲಿ ಡಾಲರಿನಾಗ ಲೆಕ್ಕ ಹಾಕೋದಲ್ಲ.

ಹಂಗಾದ್ರ ನಮಗ ಖರ್ಚ ಎಲ್ಲಿ ಬೀಳ್ತೈತಿ

ಎರಡು ಜಾಗಾದಾಗ. ಒಂದು ಬಡ್ಡಿ, ಇನ್ನೊಂದು ಜಾಮೀನು.

ಬಡ್ಡಿದು ತಿಳಕೊಳ್ಳಾಕ ಸುಲಭ. ಎಕ್ಸಿಮ್ ಬ್ಯಾಂಕಿಗೆ ರೊಕ್ಕ ಆಕಾಶದಿಂದ ಬೀಳಂಗಿಲ್ಲ, ಅದೂ ಮಾರ್ಕೆಟ್ಟಿನಾಗ ಬಾಂಡ್ ಮಾರಿ ಸಾಲ ಎತ್ತತೈತಿ. ಲೆಕ್ಕಕ್ಕಂತ ಹಿಡೀರಿ, ಬ್ಯಾಂಕಿಗೆ ಶೇ. 6ಕ್ಕ ರೊಕ್ಕ ಸಿಕ್ಕೈತಿ, ಬಡ ದೇಶಕ್ಕ ಅದು ಶೇ. 2ಕ್ಕ ಕೊಟ್ಟೈತಿ. 1,000 ಕೋಟಿ ಸಾಲಕ್ಕ ವರ್ಷಕ್ಕ 40 ಕೋಟಿ ಅಂತರ ಬಿತ್ತು. ಆ ಅಂತರ ತುಂಬಿ ಕೊಡೋದು ಕೇಂದ್ರ ಬಜೆಟ್ಟು. ಇದು ಊಹೆ ಮಾತಲ್ಲ, 2017ರಾಗ ಬಾಂಗ್ಲಾದೇಶದ ಅಭಿವೃದ್ಧಿ ಕೆಲಸಕ್ಕಂತ ಕೊಟ್ಟ 450 ಕೋಟಿ ಡಾಲರ್ ಸಾಲಕ್ಕ ಬಡ್ಡಿ ಶೇ. 1, ಅವಧಿ 20 ವರ್ಷ, ಅದ್ರಾಗ ಮೊದಲಿನ 5 ವರ್ಷ ಅಸಲು ಕಟ್ಟೋದಿಲ್ಲ.

ಜಾಮೀನಿನ ಮಾತು ಕಣ್ಣಿಗೆ ಕಾಣಂಗಿಲ್ಲ, ಅದಕ್ಕ ಅದು ಹೆಚ್ಚು ಅಪಾಯದ್ದು. ಸಾಲ ತಗೊಂಡ ದೇಶ ಕಟ್ಟಲಿಲ್ಲ ಅಂದ್ರ ಎಕ್ಸಿಮ್ ಬ್ಯಾಂಕ್ ಮುಳುಗಂಗಿಲ್ಲ, ಯಾಕಂದ್ರ ಹಿಂದ ಭಾರತ ಸರ್ಕಾರ ಜಾಮೀನು ನಿಂತಿರ್ತೈತಿ. ಜಾಮೀನು ಕೊಟ್ಟ ದಿನ ಖಜಾನೆದಿಂದ ಒಂದ ಪೈಸಾ ಹೊರಗ ಹೋಗಂಗಿಲ್ಲ, ಹಂಗಾಗಿ ಆ ವರ್ಷದ ಕೊರತೆ ಲೆಕ್ಕದಾಗ ಅದು ಬರಂಗಿಲ್ಲ. ಬರೋದು ಹತ್ತು ಹದಿನೈದು ವರ್ಷ ಆದ ಮ್ಯಾಲ, ಆ ದೇಶ ಕೈ ಎತ್ತಿದ ದಿನ, ಅವಾಗ ಸಹಿ ಮಾಡಿದ ಮಂತ್ರಿನೂ ಇರಂಗಿಲ್ಲ, ಆ ಸರ್ಕಾರನೂ ಇರಂಗಿಲ್ಲ. ಕೇಂದ್ರ ಸರ್ಕಾರ ಒಂದ ವರ್ಷದಾಗ ಹೊಸದಾಗಿ ಕೊಡೋ ಒಟ್ಟು ಜಾಮೀನು ಜಿಡಿಪಿಯ ಶೇ. 0.5 ದಾಟಬಾರದು ಅಂತ ಸರ್ಕಾರದ ಸಾಲ, ಕೊರತೆಗೆ ಲಗಾಮು ಹಾಕೋ ಎಫ್‌ಆರ್‌ಬಿಎಂ ಕಾಯ್ದೆದಾಗ ಮಿತಿ ಐತಿ ಖರೆ, ಆದ್ರ ಅದು ಎಲ್ಲಾ ತರದ ಜಾಮೀನಿಗೂ ಕೂಡಿ ಒಂದ ಮಿತಿ, ಆಯುಧಕ್ಕಂತ ಬ್ಯಾರೆ ಮಿತಿ ಅದ್ರಾಗ ಇಲ್ಲ.

ಅಮೆರಿಕದಾಗ ಸಾಲ ಅಲ್ಲ, ದಾನ

ಈ ಆಟದಾಗ ಎಲ್ಲಾರಿಗಿಂತ ದೊಡ್ಡ ಆಟಗಾರ ಅಮೆರಿಕ. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆ ಲೆಕ್ಕದ ಪ್ರಕಾರ 2020ರಿಂದ 2024ರ ನಡುವ ಜಗತ್ತಿನ ದೊಡ್ಡ ಆಯುಧಗಳ ರಫ್ತಿನಾಗ ಶೇ. 43 ಅಮೆರಿಕದ್ದ. ಅಲ್ಲಿ ಫಾರಿನ್ ಮಿಲಿಟರಿ ಫೈನಾನ್ಸಿಂಗ್ ಅಂತ ಒಂದ ವ್ಯವಸ್ಥಾ ಐತಿ, ಅದಕ್ಕ ಆಧಾರ 1976ರ ಆಯುಧ ರಫ್ತು ನಿಯಂತ್ರಣ ಕಾಯ್ದೆ. ಇದ್ರಾಗ ಬಹುಪಾಲು ರೊಕ್ಕ ವಾಪಸ್ ಕೊಡಬೇಕಾಗಿಲ್ಲ. ಅಮೆರಿಕದ ಸರ್ಕಾರ ರೊಕ್ಕ ಕೊಡ್ತೈತಿ, ಆ ದೇಶ ಅದ ರೊಕ್ಕದಾಗ ಅಮೆರಿಕದ ಕಂಪನಿಯಿಂದನ ಆಯುಧ ತಗೋತೈತಿ.

ಇಸ್ರೇಲಿಗೆ 2016ರಾಗ ಆದ ಒಪ್ಪಂದದ ಪ್ರಕಾರ 2019ರಿಂದ 2028ರ ತನಕ ಹತ್ತು ವರ್ಷಕ್ಕ 3,800 ಕೋಟಿ ಡಾಲರ್, ಅಂದ್ರ ವರ್ಷಕ್ಕ 330 ಕೋಟಿ ಇದ ಫೈನಾನ್ಸಿಂಗಿನಾಗ, ಮತ್ತ 50 ಕೋಟಿ ಮಿಸೈಲ್ ತಡೆಯೋ ವ್ಯವಸ್ಥಾಕ್ಕ. ಮೊದಲು ಇಸ್ರೇಲ್ ತನ್ನ ಪಾಲಿನಾಗ ನಾಲ್ಕನೇ ಒಂದ ಭಾಗ ತನ್ನ ದೇಶದ ಕಂಪನಿಗಳ ಹತ್ರನ ಖರ್ಚ ಮಾಡಬಹುದಿತ್ತು, ಬ್ಯಾರೆ ಯಾರಿಗೂ ಇಲ್ಲದ ಸವಲತ್ತು ಅದು, ಹೊಸ ಒಪ್ಪಂದದಾಗ ಅದನ್ನ ಕಡಿಮಿ ಮಾಡ್ಕೋತ ಬಂದು ಪೂರ್ತಿ ನಿಲ್ಲಸ್ತಾರ. ಈಜಿಪ್ತಿಗೆ ವರ್ಷಕ್ಕ 130 ಕೋಟಿ ಡಾಲರ್. ಆ ರೊಕ್ಕದಾಗ ಒಂದ ದೊಡ್ಡ ಪಾಲು ಎಂ1ಎ1 ಟ್ಯಾಂಕಿಗೆ ಹೋಗಿತ್ತು, ಅದರ ಬಿಡಿಭಾಗ ಓಹಾಯೋ ರಾಜ್ಯದ ಲೈಮಾ ಅನ್ನೋ ಊರಿನ ಕಾರ್ಖಾನೆಯಿಂದ ಹೋಗಿ ಈಜಿಪ್ತಿನಾಗ ಜೋಡಣೆ ಆಗ್ತಿದ್ವು.

ಈಜಿಪ್ತಿನಾಗ 2013ರಾಗ ಮಿಲಿಟರಿಯವ್ರು ಆಯ್ಕೆ ಆದ ಸರ್ಕಾರ ಕಿತ್ತು ಹಾಕಿದ್ರು. ಅಮೆರಿಕ ಅಕ್ಟೋಬರದಾಗ ಎಫ್-16 ವಿಮಾನ, ಟ್ಯಾಂಕಿನ ಕಿಟ್, ಹಾರ್ಪೂನ್ ಮಿಸೈಲ್ ಕಳಸೋದು ನಿಲ್ಲಿಸಿತು. ರೊಕ್ಕ ಕೊಡೋರು ನಾವು, ಹಂಗಾಗಿ ಮಾತೂ ನಮ್ಮದ ನಡೀತೈತಿ ಅನ್ನೋ ಲೆಕ್ಕ. ಆದ್ರ 2015ರ ಮಾರ್ಚದಾಗ ಎಲ್ಲಾನೂ ವಾಪಸ್ ಸುರು ಆತು, ಕೈರೋದಾಗ ಆಡಳಿತದ ರೀತಿ ಏನೂ ಬದಲಾಗಿದ್ದಿಲ್ಲ. ಆರ್ಡರ್ ನಿಂತ್ರ ಅಮೆರಿಕದ ಕಾರ್ಖಾನೆಗೂ ಪೆಟ್ಟು, ಈಜಿಪ್ತ್ ರಷ್ಯಾದ ಕಡೆ ಫ್ರಾನ್ಸಿನ ಕಡೆ ತಿರಗೋ ಭಯನೂ ಇತ್ತು. ರೊಕ್ಕ ಕೊಟ್ರ ಹಿಡಿತ ಸಿಗ್ತೈತಿ ಅಂತ ಎಲ್ಲಾ ದೇಶಗಳೂ ಹೇಳ್ಕೋತಾವು, ಆದ್ರ ಆ ಹಗ್ಗ ಕೊಟ್ಟವ್ರ ಕೈಗೂ ಕಟ್ಟಿರ್ತೈತಿ ಅನ್ನೋದನ್ನ ಈ ಒಂದೂವರೆ ವರ್ಷ ತೋರಿಸಿಕೊಡ್ತು.

ಇದ್ರಾಗ ನಮಗ ತಟ್ಟೋ ಒಂದ ಪ್ರಸಂಗನೂ ಐತಿ. 2016ರಾಗ ಪಾಕಿಸ್ತಾನ 8 ಎಫ್-16 ತಗೊಳ್ಳೋದಿತ್ತು, ಒಟ್ಟು ಬೆಲಿ ಸುಮಾರು 70 ಕೋಟಿ ಡಾಲರ್. ಅದ್ರಾಗ ಪಾಕಿಸ್ತಾನ ಸುಮಾರು 27 ಕೋಟಿ ಹಾಕೋದು, ಉಳಿದ 43 ಕೋಟಿ ಅಮೆರಿಕದ ಫೈನಾನ್ಸಿಂಗಿನಿಂದ ಬರೋದು ಅಂತ ಇತ್ತು. ಮಾರಾಟಕ್ಕ ಪರ್ಮಿಷನ್ ಸಿಕ್ಕಿತ್ತು. ಆದ್ರ ಅಮೆರಿಕದ ಸಂಸತ್ತಿನವ್ರು ನಮ್ಮ ಟ್ಯಾಕ್ಸಿನ ರೊಕ್ಕ ಇದಕ್ಕ ಹಾಕಬ್ಯಾಡ್ರಿ ಅಂತ ತಡದ್ರು. ಬೇಕಂದ್ರ ಪೂರ್ತಿ ನಿಮ್ಮ ರೊಕ್ಕ ಕೊಟ್ಟು ತಗೋರಿ ಅಂತ ಪಾಕಿಸ್ತಾನಕ್ಕ ಹೇಳಿದ್ರು. ಪಾಕಿಸ್ತಾನ ಕೊಡಲಿಲ್ಲ, ಮೇ ತಿಂಗಳಿಗೆ ಆ ವ್ಯವಹಾರ ಬಿದ್ದು ಹೋತು. ವಿಮಾನ ಮಾರಬೇಕೋ ಬ್ಯಾಡೋ ಅನ್ನೋದನ್ನ ಕಡೀಕ ತೀರ್ಮಾನ ಮಾಡಿದ್ದು ಸಬ್ಸಿಡಿಯ ಒಂದ ಲೆಕ್ಕ.

ಈಗ ಎಲ್ಲಾರೂ ಯಾಕ ಸಾಲದ ಹಿಂದ ಬಿದ್ದಾರ

ಉಕ್ರೇನ್ ಯುದ್ಧ ಸುರುವಾದ ಮ್ಯಾಲ ಆಯುಧಕ್ಕ ಬೇಡಿಕಿ ಒಮ್ಮೆಲೆ ಏರಿತು, ರಷ್ಯಾ ತನ್ನ ಮಾಲು ತಾನ ಬಳಸಾಕತ್ತು, ಅದರ ಹಳೇ ಗಿರಾಕಿಗಳು ಬ್ಯಾರೆ ಅಂಗಡಿ ಹುಡುಕಾಕತ್ತಾರ. ಆದ್ರ ಆಫ್ರಿಕಾದ, ಲ್ಯಾಟಿನ್ ಅಮೆರಿಕದ, ಆಗ್ನೇಯ ಏಷ್ಯಾದ ಬಾಳ ದೇಶಗಳ ಹತ್ರ ನಗದು ಇಲ್ಲ. ಖಾಸಗಿ ಬ್ಯಾಂಕಿನವ್ರು ಇಂಥ ದೇಶಗಳ ಆಯುಧ ವ್ಯವಹಾರಕ್ಕ ಕೈ ಹಾಕಂಗಿಲ್ಲ, ಒಂದು ಸಾಲ ಮುಳುಗೋ ಭಯ, ಇನ್ನೊಂದು ಹೆಸರು ಕೆಡೋ ಭಯ. ಅಲ್ಲಿ ಉಳಿಯೋದು ಸರ್ಕಾರದ ಬ್ಯಾಂಕು ಒಂದ. ಹಂಗಾಗಿ ಇವತ್ತ ಟೆಂಡರ್ ಹಾಕುವಾಗ ತೋಪು ಎಷ್ಟ ದೂರ ಹೊಡೀತೈತಿ ಅನ್ನೋದರ ಜೋಡಿ ಸಾಲ ಎಷ್ಟ ವರ್ಷಕ್ಕ ಕೊಡ್ತೀರಿ ಅಂತನೂ ಕೇಳ್ತಾರ.

ದಕ್ಷಿಣ ಕೊರಿಯಾ ನೋಡ್ರಿ. ಪೋಲೆಂಡಿಗೆ ಕೆ2 ಟ್ಯಾಂಕು, ಕೆ9 ತೋಪು ಮಾರೋ ಭಾರಿ ವ್ಯವಹಾರ ಸಿಕ್ತು, ಆದ್ರ ಅವರ ಎಕ್ಸಿಮ್ ಬ್ಯಾಂಕ್ ಒಬ್ಬ ಗಿರಾಕಿಗೆ ಇಷ್ಟ ಕೊಡಬಹುದು ಅನ್ನೋ ಮಿತಿ ಅಡ್ಡ ಬಂತು. 2024ರ ಫೆಬ್ರುವರಿದಾಗ ಕಾಯ್ದೆ ತಿದ್ದಿ ಆ ಬ್ಯಾಂಕಿನ ಬಂಡವಾಳದ ಮಿತಿ 15 ಲಕ್ಷ ಕೋಟಿ ವಾನ್‌ನಿಂದ 25 ಲಕ್ಷ ಕೋಟಿ ವಾನ್‌ಗೆ ಏರಿಸಿದ್ರು. ಆ ಕೆ9 ತೋಪಿನ ತಮ್ಮನ ನಮ್ಮ ಸೇನೆಯ ಕೆ9 ವಜ್ರ, ಗುಜರಾತಿನ ಹಜೀರಾದಾಗ ಎಲ್ ಅಂಡ್ ಟಿ ಮಾಡ್ತೈತಿ. ಬ್ರಿಟನ್ 2025ರ ಮಾರ್ಚದಾಗ ಉಕ್ರೇನಿಗೆ 160 ಕೋಟಿ ಪೌಂಡ್ ರಫ್ತು ಸಾಲ ಘೋಷಣೆ ಮಾಡಿತು, ಅದ್ರಾಗ ತಗೊಳ್ಳೋ 5,000ಕ್ಕೂ ಹೆಚ್ಚು ಮಿಸೈಲ್ ತಯಾರಾಗೋದು ಬೆಲ್‌ಫಾಸ್ಟಿನಾಗ. ಯುರೋಪಿಯನ್ ಯೂನಿಯನ್ 2025ರ ಮೇದಾಗ ತನ್ನ ಸದಸ್ಯ ದೇಶಗಳಿಗಂತ 15,000 ಕೋಟಿ ಯುರೋ ಸಾಲದ ವ್ಯವಸ್ಥಾ ಮಾಡಿತು.

ಇನ್ನೊಂದ ಮಾತು, ಇದು ಬಾಳ ಮಂದಿಗೆ ಗೊತ್ತಿಲ್ಲ. ಶ್ರೀಮಂತ ದೇಶಗಳ ಒಇಸಿಡಿ ಕೂಟದಾಗ ರಫ್ತು ಸಾಲಕ್ಕ ಒಂದ ನಿಯಮ ಐತಿ, ಇಷ್ಟಕ್ಕಿಂತ ಕಡಿಮಿ ಬಡ್ಡಿ ಕೊಡಬಾರದು, ಇಷ್ಟಕ್ಕಿಂತ ಹೆಚ್ಚು ವರ್ಷ ಕೊಡಬಾರದು ಅಂತ, ಇಲ್ಲಂದ್ರ ಎಲ್ಲಾ ದೇಶಗಳೂ ಪೈಪೋಟಿಗೆ ಬಿದ್ದು ಜನರ ರೊಕ್ಕ ಸುರೀತಾವು. ಆ ನಿಯಮದಿಂದ ಮಿಲಿಟರಿ ಸಾಮಾನನ್ನ ಹೊರಗ ಇಟ್ಟಾರ. ವಿಮಾನ ನಿಲ್ದಾಣಕ್ಕ, ಪವರ್ ಪ್ಲಾಂಟಿಗೆ ಕೊಡೋ ಸಾಲಕ್ಕ ಲಗಾಮು ಐತಿ, ಟ್ಯಾಂಕಿಗೆ ಕೊಡೋ ಸಾಲಕ್ಕ ಇಲ್ಲ. ಭಾರತ ಆ ಕೂಟದ ಸದಸ್ಯನೂ ಅಲ್ಲ. ಅಂದ್ರ ಬಡ್ಡಿ ಎಷ್ಟ ಇಳಿಸಬಹುದು ಅನ್ನೋದಕ್ಕ ಹೊರಗಿನ ಗೆರಿ ಯಾವುದೂ ಇಲ್ಲ, ಗೆರಿ ಹಾಕ್ಕೋಬೇಕಾದವ್ರು ನಾವ.

ಭಾರತದ ಗುರಿ 2029ಕ್ಕ 50,000 ಕೋಟಿ ರಫ್ತು. 2024ರಾಗ ಪೋಲೆಂಡ್, ಅರ್ಮೇನಿಯಾ, ತಾಂಜಾನಿಯಾ, ಮೊಜಾಂಬಿಕ್, ಇಥಿಯೋಪಿಯಾ, ಜಿಬೂಟಿ, ಐವರಿ ಕೋಸ್ಟ್, ಫಿಲಿಪ್ಪೀನ್ಸ್ ಹಿಂಗ ಹೊಸ ಜಾಗಾಗಳಿಗೆ ಡಿಫೆನ್ಸ್ ಅಟಾಶೆ, ಅಂದ್ರ ರಾಯಭಾರ ಕಚೇರಿಯೊಳಗ ರಕ್ಷಣಾ ವಿಷಯ ನೋಡೋ ಸೇನಾ ಅಧಿಕಾರಿ, ಕಳಸೋ ತೀರ್ಮಾನ ಆತು. ಆ ಪಟ್ಟಿನಾಗ ಆಫ್ರಿಕಾದ ಹೆಸರು ಎಷ್ಟದಾವು ನೋಡಿದ್ರ ಸಾಲದ ಮಾತು ಯಾಕ ಎದ್ದೈತಿ ಗೊತ್ತಾಗ್ತೈತಿ. ಇಲ್ಲಿ ಒಂದ ಸಮಾಧಾನದ ಸಂಗತಿನೂ ಹೇಳಬೇಕು. 2024-25ರ 23,622 ಕೋಟಿದಾಗ ಸಾಲದ ಮ್ಯಾಲ ಹೋಗಿದ್ದು ಸಣ್ಣ ಪಾಲು. ನಮ್ಮ ದೊಡ್ಡ ಗಿರಾಕಿಗಳು ಅಮೆರಿಕ, ಫ್ರಾನ್ಸ್, ಅರ್ಮೇನಿಯಾ ಅಂತ ಸರ್ಕಾರನ ಹೇಳೈತಿ, ಅಮೆರಿಕಕ್ಕ ಫ್ರಾನ್ಸಿಗೆ ಹೋಗೋದು ಹೆಚ್ಚಾಗಿ ವಿಮಾನದ, ಹೆಲಿಕಾಪ್ಟರಿನ ಬಿಡಿಭಾಗ, ಅವರಿಗೆ ಸಾಲ ಯಾಕ ಬೇಕು? ಸಾಲದ ಪಾಲು ಬೆಳೆಯೋದು ಇನ್ನ ಮುಂದ, ಅದಕ್ಕ ಪ್ರಶ್ನೆ ಈಗ ಕೇಳಬೇಕು.

ಕಟ್ಟಲಿಲ್ಲ ಅಂದ್ರ

ಆಯುಧದ ಸಾಲಕ್ಕ ಒಂದ ಹುಟ್ಟು ದೋಷ ಐತಿ. ರಸ್ತೆಗೆ, ಕಾರ್ಖಾನೆಗೆ ಸಾಲ ಕೊಟ್ರ ಅದರಿಂದ ಆ ದೇಶಕ್ಕ ಗಳಿಕಿ ಬಂದು ಸಾಲ ತೀರಬಹುದು. ತೋಪಿನಿಂದ ಗಳಿಕಿ ಬರಂಗಿಲ್ಲ. ಕಟ್ಟೋದಿದ್ರ ಬ್ಯಾರೆ ಕಡೆಯಿಂದ ತಂದು ಕಟ್ಟಬೇಕು. ಕಟ್ಟದಿದ್ರ ಜಪ್ತಿ ಮಾಡಾಕನೂ ಬರಂಗಿಲ್ಲ, ಇನ್ನೊಂದ ದೇಶದ ಸೇನೆಯ ಕೈಯಾಗಿರೋ ಮಿಸೈಲ್ ಯಾವ ಬ್ಯಾಂಕ್ ಮ್ಯಾನೇಜರ್ ಹೋಗಿ ಎತ್ಕೊಂಡು ಬರ್ತಾನ?

ಸೋವಿಯತ್ ಒಕ್ಕೂಟ ತನ್ನ ಗೆಳೆಯ ದೇಶಗಳಿಗೆ ಹಿಂಗ ಸಾಲದ ಮ್ಯಾಲ ರಾಶಿ ರಾಶಿ ಆಯುಧ ಕೊಟ್ಟಿತ್ತು. ಕಡೀಕ ರಷ್ಯಾ 2005ರಾಗ ಸಿರಿಯಾದ 1,340 ಕೋಟಿ ಡಾಲರ್ ಸಾಲದಾಗ ಶೇ. 73 ಮನ್ನಾ ಮಾಡಿತು, 2014ರಾಗ ಕ್ಯೂಬಾದ 3,500 ಕೋಟಿಯೊಳಗ ಶೇ. 90 ಮನ್ನಾ. ಅಮೆರಿಕನೂ ಇದರಿಂದ ತಪ್ಪಿಸಿಕೊಂಡಿಲ್ಲ. 80ರ ದಶಕದ ಮೊದಲಿಗೆ ಇಸ್ರೇಲ್, ಈಜಿಪ್ತಿಗೆ ಕೊಟ್ಟಿದ್ದು ಹೆಚ್ಚಾಗಿ ಸಾಲನ ಇತ್ತು, ಅವಾಗಿನ ಬಡ್ಡಿ ದರದಾಗ ಆ ಭಾರ ಹೊರಲಾರದಂಗಾಗಿ 1985ರಿಂದ ದಾನಕ್ಕ ತಿರುಗಿಸಿದ್ರು. ಈಜಿಪ್ತ್ ಕೊಲ್ಲಿ ಯುದ್ಧದಾಗ ಜೋಡಿ ನಿಂತಿದ್ದಕ್ಕ ಅದರ ಸುಮಾರು 700 ಕೋಟಿ ಡಾಲರ್ ಮಿಲಿಟರಿ ಸಾಲ 1990ರಾಗ ಮನ್ನಾ ಆತು. ಈಗ ವಾಷಿಂಗ್ಟನ್ನಿನಾಗ ದಾನ ಬ್ಯಾಡ ವಾಪಸ್ ಸಾಲ ಮಾಡ್ರಿ ಅನ್ನೋ ವಾದ ಎದ್ದೈತಿ, ನಾಲ್ವತ್ತು ವರ್ಷದ ಹಿಂದ ಬಿಟ್ಟ ದಾರಿಗೆ ವಾಪಸ್ ಬಂದಂಗಾತು.

ಸಾಲಗಾರ ಆಗೋದು ಹೆಂಗಿರ್ತೈತಿ ಅಂತ ಭಾರತಕ್ಕೂ ಚಲೋ ಗೊತ್ತು. ಮಿಗ್ ವಿಮಾನ, ಟ್ಯಾಂಕು, ಸಬ್‌ಮರೀನು ಅಂತ ಸೋವಿಯತ್ ಕಡೆಯಿಂದ ನಾವೂ ಸಾಲದ ಮ್ಯಾಲನ ತಗೊಂಡಿದ್ವಿ. ಒಕ್ಕೂಟ ಒಡದ ಮ್ಯಾಲ ಆ ಬಾಕಿ ಎಷ್ಟ ಅನ್ನೋದ ದೊಡ್ಡ ತಕರಾರಾತು, ಯಾಕಂದ್ರ ರೂಬಲ್ ಬೆಲಿ ಪಾತಾಳಕ್ಕ ಬಿದ್ದಿತ್ತು. 1993ರಾಗ ರಷ್ಯಾದ ಅಧ್ಯಕ್ಷ ಯೆಲ್ಟ್‌ಸಿನ್ ದಿಲ್ಲಿಗೆ ಬಂದಾಗ ಒಪ್ಪಂದ ಆತು, ಒಂದ ಭಾಗ 12 ವರ್ಷದಾಗ, ಉಳಿದದ್ದು ಬಡ್ಡಿ ಇಲ್ಲದ 45 ವರ್ಷದಾಗ ತೀರಸಬೇಕು ಅಂತ. ಆ ರೂಪಾಯಿದಾಗ ರಷ್ಯಾ ನಮ್ಮ ಚಹಾ, ಔಷಧ, ಇತರೆ ಮಾಲು ತಗೋತಿತ್ತು. ಮಿಗ್-21 ವಿಮಾನ 2025ರ ಸೆಪ್ಟೆಂಬರದಾಗ ನಿವೃತ್ತಿ ಆತು, ಒಪ್ಪಂದದ ಕಂತು ಅದಕ್ಕಿಂತ ಮುಂದನೂ ಹೋಗುವಂಗ ಬರದಿತ್ತು. ಇದನ್ನ ತಿರುವಿ ಓದ್ಕೊಂಡ್ರ ಇವತ್ತ ನಾವು ಕೊಡೋ ಸಾಲ ಎಷ್ಟ ದೂರ ಹೋಗ್ತೈತಿ ಅನ್ನೋದರ ಅಂದಾಜು ಸಿಗ್ತೈತಿ.

ಯಾರ ವಾದ ಏನು

ಸರ್ಕಾರದ ಮತ್ತ ಕಂಪನಿಗಳ ವಾದ ಸರಳ ಐತಿ. ನಮ್ಮ ಸೇನೆಯ ಆರ್ಡರ್ ಒಂದರ ಮ್ಯಾಲ ಕಾರ್ಖಾನೆ ವರ್ಷ ಪೂರ್ತಿ ಓಡಂಗಿಲ್ಲ, ಒಂದ ಆರ್ಡರ್ ಮುಗದು ಇನ್ನೊಂದ ಬರೋ ತನಕ ಮಷೀನು, ಕಲಿತ ಮಂದಿ ಖಾಲಿ ಕುಂಡ್ರತಾರ. ರಫ್ತು ಇದ್ರ ಲೈನ್ ಓಡ್ತಿರ್ತೈತಿ, ಒಂದೊಂದರ ಖರ್ಚೂ ಇಳೀತೈತಿ, ಅದರ ಲಾಭ ನಮ್ಮ ಸೇನೆಗೂ ಐತಿ. ಎಲ್ಲಾರೂ ಸಾಲ ಕೊಡುವಾಗ ನಾವೊಬ್ರು ನಗದ ಕೊಡ್ರಿ ಅಂತ ಕುಂತ್ರ ಗಿರಾಕಿ ಚೀನಾಕ್ಕೋ ಟರ್ಕಿಗೋ ಹೋಗ್ತಾನ. ಈ ವಾದದಾಗ ಹುರುಳೈತಿ, ತಳ್ಳಿ ಹಾಕಾಕ ಬರಂಗಿಲ್ಲ.

ಹಣಕಾಸು ನೋಡೋರ ಆಕ್ಷೇಪ ಬ್ಯಾರೆ. ಸಾಲ ಕೊಟ್ಟು ಮಾರಿದ್ದನ್ನೂ ನಗದ ಕೊಟ್ಟು ತಗೊಂಡಿದ್ದನ್ನೂ ರಫ್ತು ಅಂತ ಒಂದ ಅಂಕಿಯೊಳಗ ಕೂಡಿಸಿ ಹೇಳಿದ್ರ ಸಾಧನೆ ಎಷ್ಟ, ಸಬ್ಸಿಡಿ ಎಷ್ಟ ಅಂತ ಜನರಿಗೆ ತಿಳಿಯಂಗಿಲ್ಲ. ಮೂರನೇದು ನೈತಿಕ ಆಕ್ಷೇಪ. ಶಾಲೆ ದವಾಖಾನಿಗೆ ರೊಕ್ಕ ಇಲ್ಲದ ದೇಶಕ್ಕ ಸುಲಭ ಸಾಲ ಅಂತ ಆಯುಧ ಹಚ್ಚೋದು, ಆ ಸಾಲ ಮುಂದ ಅಲ್ಲಿನ ಬಡವರ ತಲಿ ಮ್ಯಾಲ ಬರ್ತೈತಿ, ಆ ಬಂದೂಕು ಕೆಲವು ಸಲ ಅದ ಜನರ ಎದಿಗೆ ತಿರಗ್ತೈತಿ. 2013ರ ವಿಶ್ವಸಂಸ್ಥೆಯ ಆಯುಧ ವ್ಯಾಪಾರ ಒಪ್ಪಂದಕ್ಕ ಭಾರತ ಮತ ಹಾಕದ ತಟಸ್ಥ ಉಳೀತು, ಇವತ್ತಿಗೂ ಸಹಿ ಮಾಡಿಲ್ಲ. ಅವಾಗ ಭಾರತ ಕೊಟ್ಟ ಕಾರಣ, ಆ ಒಪ್ಪಂದ ರಫ್ತು ಮಾಡೋ ದೇಶಗಳ ಕೈಗೆ ಹೆಚ್ಚು ಅಧಿಕಾರ ಕೊಡ್ತೈತಿ, ಆಮದು ಮಾಡೋರಿಗೆ ರಕ್ಷಣಾ ಇಲ್ಲ ಅಂತ. ಈಗ ನಾವ ರಫ್ತು ಮಾಡೋ ಕಡೆ ಬಂದು ನಿಂತೀವಿ. ಅವಾಗಿನ ಆ ಮಾತು ಈಗ ನಮ್ಮನ್ನ ಹೆಂಗ ಕಟ್ಟತೈತಿ ಅನ್ನೋದನ್ನ ಚರ್ಚಾ ಮಾಡಬೇಕು, ಯಾರೂ ಮಾಡವಲ್ರು.

ಉದ್ಯಮಬಾಗದ ತನಕ ಬರೋದು ಹೆಂಗ

ಬೆಳಗಾವಿಗೆ ಇದು ದೂರದ ಮಾತಲ್ಲ. ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿ, ಮಷೀನ್ ಶಾಪ್ ಸಾಲ ಸಾಲಾಗಿ ಅದಾವು, ಹುಕ್ಕೇರಿ ತಾಲೂಕಿನ ಹತ್ತರಗಿದಾಗ ಏಕಸ್ ಕಂಪನಿಯ ವಿಮಾನ ಬಿಡಿಭಾಗಗಳ ಎಸ್‌ಇಝಡ್ ಐತಿ. ದೋಣಿ ಮಾಡೋ ಕಂಪನಿ ಪೂರ್ತಿ ದೋಣಿ ತಾನ ಎರಕ ಹೊಯ್ಯಂಗಿಲ್ಲ, ವಾಲ್ವ್ ಬಾಡಿ, ಪಂಪಿನ ಕೇಸಿಂಗ್, ಬ್ರಾಕೆಟ್, ಹೈಡ್ರಾಲಿಕ್ ಸಿಲಿಂಡರ್ ಇಂಥವು ಕೆಳಗಿನ ವೆಂಡರ್‌ಗಳಿಂದ ಬರ್ತಾವು. 2024-25ರ ರಫ್ತಿನಾಗ ಖಾಸಗಿ ಕಂಪನಿಗಳ ಪಾಲು 15,233 ಕೋಟಿ, ಸರ್ಕಾರಿ ಕಂಪನಿಗಳದು 8,389 ಕೋಟಿ. ಖಾಸಗಿ ಪಾಲು ಹೆಚ್ಚಾದಷ್ಟ ಸಣ್ಣ ಊರಿನ ವರ್ಕ್‌ಶಾಪಿಗೆ ಕೆಲಸ ಇಳಿದು ಬರೋ ಸಾಧ್ಯತೆ ಹೆಚ್ಚು.

ಹೊರ ದೇಶಕ್ಕ ಕಾಸ್ಟಿಂಗ್ ಕಳಸೋ ಫೌಂಡ್ರಿಯವ್ರಿಗೆ ಇಸಿಜಿಸಿ, ಅಂದ್ರ ರಫ್ತಿಗೆ ಇನ್ಸೂರೆನ್ಸ್ ಕೊಡೋ ಸರ್ಕಾರಿ ಕಂಪನಿ, ಚಲೋ ಗೊತ್ತು, ಗಿರಾಕಿ ರೊಕ್ಕ ಕೊಡಲಿಲ್ಲ ಅಂದ್ರ ಅನ್ನೋ ಭಯಕ್ಕ ಪ್ರೀಮಿಯಂ ಕಟ್ಟಿ ಇನ್ಸೂರೆನ್ಸ್ ತಗೋತಾರ, ದೇಶ ಅಪಾಯದ್ದಿದ್ರ ಪ್ರೀಮಿಯಂನೂ ಜಾಸ್ತಿ. ಆಯುಧದ ಲೈನ್ ಆಫ್ ಕ್ರೆಡಿಟ್ಟಿನಾಗ ದೊಡ್ಡ ಕಂಪನಿಗೆ ಈ ಚಿಂತಿ ಇಲ್ಲ. ಮಾಲು ಹಡಗು ಹತ್ತಿದ ಮ್ಯಾಲ ಅದರ ರೊಕ್ಕ ಸರ್ಕಾರಿ ಬ್ಯಾಂಕಿನಿಂದ ಬಂದ ಬರ್ತೈತಿ, ಅಪಾಯ ಪೂರ್ತಿ ಸರ್ಕಾರದ ಮ್ಯಾಲ. ಹಿಂಗ ಜನರ ಜಾಮೀನಿನ ನೆರಳಿನಾಗ ನಿಂತ ಕಂಪನಿ ತನ್ನ ಕೆಳಗಿನ ಸಣ್ಣ ವೆಂಡರ್‌ಗೂ ಹೊತ್ತಿಗೆ ಸರಿ ರೊಕ್ಕ ಕೊಡಬೇಕಲ್ಲ? ಸಣ್ಣ ಉದ್ದಿಮೆಗೆ 45 ದಿನದೊಳಗ ಬಿಲ್ ಚುಕ್ತಾ ಮಾಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳ್ತೈತಿ, ಆದ್ರೂ ಮೂರು ತಿಂಗಳು ಆರು ತಿಂಗಳು ಬಿಲ್ ತಡಿಯೋದು ಈ ಲೈನಿನಾಗ ದಿನದ ಮಾತು. ಸಾಲದ ಶರತ್ತಿನಾಗ ಮುಕ್ಕಾಲು ಪಾಲು ಮಾಲು ಭಾರತದ್ದಿರಬೇಕು ಅಂತ ಬರೀತಾರ, ಅದರ ಜೋಡಿ ಕೆಳಗಿನವ್ರ ಬಿಲ್ ಚುಕ್ತಾ ಆಗಿದ್ದಕ್ಕ ದಾಖಲೆ ಕೊಟ್ರ ಮುಂದಿನ ಕಂತು ಅಂತ ಒಂದ ಸಾಲು ಹಾಕಿದ್ರ ಬೆಳಗಾವಿಯ ಎಷ್ಟೋ ಶೆಡ್ಡುಗಳಿಗೆ ಉಸಿರು ಬರ್ತೈತಿ.

ಲೆಕ್ಕ ಯಾರ ಮುಂದ ಇಡಬೇಕು

ಅಮೆರಿಕದಾಗ ದೊಡ್ಡ ಆಯುಧ ಮಾರಾಟ ಆಗೋದಿದ್ರ ಮೊದಲು ಸಂಸತ್ತಿಗೆ ತಿಳಿಸಬೇಕು, ನಿಗದಿ ಮಾಡಿದ ದಿನ ಕಾಯಬೇಕು, ಯಾವ ದೇಶಕ್ಕ ಏನು, ಎಷ್ಟ ಬೆಲಿ ಅಂತ ಪ್ರಕಟಣೆ ಬರ್ತೈತಿ. ಅಲ್ಲಿ ಮಾರಾಟ ಕಡಿಮಿ ಆಗಿಲ್ಲ, ಆದ್ರ ಪಾಕಿಸ್ತಾನದ ಎಫ್-16 ಸಬ್ಸಿಡಿ ಸಿಕ್ಕಿಬಿದ್ದಿದ್ದು ಸಂಸತ್ತಿನ ಕೈಯಾಗ ರೊಕ್ಕದ ಕೀಲಿ ಇದ್ದಿದ್ದಕ್ಕ. ನಮ್ಮಲ್ಲಿ ಆಯುಧ ರಫ್ತಿಗೆ ಮೊದಲ ಸಂಸತ್ತಿಗೆ ತಿಳಿಸಬೇಕು ಅನ್ನೋ ಕಾಯ್ದೆ ಇಲ್ಲ. ಎಕ್ಸಿಮ್ ಬ್ಯಾಂಕ್ ಯಾವ ದೇಶಕ್ಕ ಎಷ್ಟ ಲೈನ್ ಕೊಟ್ಟೈತಿ ಅಂತ ಪ್ರಕಟ ಮಾಡ್ತೈತಿ, ಬಜೆಟ್ಟಿನ ಜೋಡಿ ಒಟ್ಟು ಜಾಮೀನುಗಳ ಪಟ್ಟಿನೂ ಬರ್ತೈತಿ. ಆದ್ರ ರಕ್ಷಣಾ ಸಾಲ ಇಷ್ಟ, ಅದ್ರಾಗ ತಗೊಂಡಿದ್ದು ಇಷ್ಟ, ವಾಪಸ್ ಬಂದಿದ್ದು ಇಷ್ಟ, ಬಡ್ಡಿ ತುಂಬಿ ಕೊಟ್ಟಿದ್ದು ಇಷ್ಟ ಅಂತ ಒಂದ ಪುಟದಾಗ ವರ್ಷಕ್ಕೊಮ್ಮೆ ಜನರ ಮುಂದ ಇಡೋ ಪದ್ಧತಿ ಬರಬೇಕು. ಮಿಸೈಲಿನ ಗುಟ್ಟು ಹೇಳ್ರಿ ಅಂತ ಯಾರೂ ಕೇಳಾಕತ್ತಿಲ್ಲ, ಸಾಲದ ಲೆಕ್ಕ ಕೇಳ್ತಾರ. ವಿಯೆಟ್ನಾಂ ದೋಣಿಯ ಬೆಲಿ ಹೇಳಿದ್ದಕ್ಕ ದೇಶದ ಭದ್ರತೆಗೆ ಏನೂ ಧಕ್ಕೆ ಆಗಲಿಲ್ಲ.

ಈ ಲೆಕ್ಕ ಯಾಕ ಬೇಕು ಅನ್ನೋದಕ್ಕ ಬಾಂಗ್ಲಾದೇಶದ ಟಗ್ ವ್ಯವಹಾರ ನೋಡ್ರಿ. ಕೋಲ್ಕತ್ತಾದ ಸರ್ಕಾರಿ ಕಂಪನಿ ಗಾರ್ಡನ್ ರೀಚ್ ಶಿಪ್‌ಬಿಲ್ಡರ್ಸಿಗೆ 2024ರ ಜುಲೈದಾಗ ಬಾಂಗ್ಲಾದೇಶದ ನೌಕಾಪಡೆಯಿಂದ 800 ಟನ್ನಿನ ಸಮುದ್ರ ಟಗ್ ದೋಣಿಗೆ ಸುಮಾರು 180 ಕೋಟಿ ರೂಪಾಯಿ ಆರ್ಡರ್ ಬಂತು, 2017ರಾಗ ಘೋಷಣೆ ಆದ ಆ 50 ಕೋಟಿ ಡಾಲರ್ ರಕ್ಷಣಾ ಸಾಲದ ಅಡಿಯೊಳಗಿನ ಮೊದಲ ದೊಡ್ಡ ಆರ್ಡರ್ ಅಂತ ಅದನ್ನ ಹೇಳಿದ್ರು. ಮುಂದಿನ ತಿಂಗಳ ಢಾಕಾದಾಗ ಶೇಖ್ ಹಸೀನಾ ಸರ್ಕಾರ ಬಿತ್ತು. 2025ರ ಮೇದಾಗ ಹೊಸ ಸರ್ಕಾರ ಆ ಆರ್ಡರ್ ರದ್ದು ಮಾಡಿತು. ಕಂಪನಿ ಶೇರ್ ಮಾರ್ಕೆಟ್ಟಿನಾಗ ಲಿಸ್ಟ್ ಆಗಿರೋದರಿಂದ ಆರ್ಡರ್ ಹೋತು ಅಂತ ಸ್ಟಾಕ್ ಎಕ್ಸ್‌ಚೇಂಜಿಗೆ ಪತ್ರ ಬರದು ತಿಳಿಸಿತು, ಶೇರ್ ಇದ್ದವ್ರಿಗೆ ಗೊತ್ತಾತು. ದೋಣಿ ಇನ್ನೂ ತಯಾರಾಗಿದ್ದಿಲ್ಲ, ಹಂಗಾಗಿ ಸಾಲ ಮುಳುಗೋ ಪ್ರಶ್ನೆ ಬರಲಿಲ್ಲ. ದೋಣಿ ಹೋಗಿ ಮುಟ್ಟಿದ ಮ್ಯಾಲ ಇಂಥದ್ದ ಇನ್ನೊಂದ ದೇಶದಾಗ ಸರ್ಕಾರ ಬಿದ್ದು ಕಂತು ನಿಂತ್ರ ಶೇರ್ ಇದ್ದವ್ರಿಗೆ ಕಳಸಾಕ ಕಂಪನಿಗೆ ಪತ್ರದ ನಿಯಮ ಐತಿ, ಜಾಮೀನು ನಿಂತ ಜನರಿಗೆ ಅಂಥ ಒಂದ ಪತ್ರ ಕಳಸೋ ನಿಯಮ ಇನ್ನೂ ಇಲ್ಲ.